ಸಿಸಿಲಿ ಬಾಯಿ ಇಟ್ಟ ಹೆಸರು

ಇಲ್ಲ, ಒದ್ದೆಯಾಗಿರುತ್ತಿದ್ದದ್ದು ಸಿಸಿಲಿ ಬಾಯಿಯ ಎಡಗೈ ಇರಬೇಕು. ಬಲಗೈಯಲ್ಲಿ ಅವರು ಚೀಲ ಹಿಡಿಯುತ್ತಿದ್ದರಲ್ಲ. ನೆನಪಿಗೆ ತಂದುಕೊಂಡಷ್ಟೂ ಸೊರಬದ ಆಸ್ಪತ್ರೆಯ ನರ್ಸ್ ಸಿಸಿಲಿ ಬಾಯಿ ಬೇರೊಬ್ಬರಾಗುತ್ತಾರೆ. ಅವರು ಮುಟ್ಟಿದಲ್ಲಿ ಬೇಸಿಗೆಯಲ್ಲೂ ತಣ್ಣನೆ ತೇವ ಉಳಿಯುತ್ತಿತ್ತು. ಅಷ್ಟು ಖಚಿತ.

ಕರಾವಳಿಯ ಕ್ರೈಸ್ತರು. ಊರಿನಲ್ಲಿ ಅವರದೊಂದೇ ಅಂಥ ಮನೆ. ಪಾದ್ರಿಗಳು ತಿಂಗಳಿಗೊಮ್ಮೆ ಬಂದರೆ ಬಂದರು. ಹೆರಿಗೆಗೆ ಹೆದರಿದವರನ್ನು ಸಿಸಿಲಿ ಬಾಯಿ, "ಲೋಕದಲ್ಲಿ ನೀನೇ ಮೊದಲು ಹೆರುವುದಾ ಮಾರಾಯ್ತಿ?" ಎಂದು ಗದರುತ್ತಿದ್ದರು. ಯಾವ ಕೋಣೆಗೇ ಆಗಲಿ, ಬಾಗಿಲಲ್ಲಿ ಒಂದು ಗಳಿಗೆ ಪಕ್ಕಕ್ಕೆ ಸರಿದು, ಯಾರನ್ನೋ ಮುಂದೆ ಬಿಟ್ಟವರಂತೆ ನಿಂತು, ಆಮೇಲೆ ಒಳಗೆ ಬರುತ್ತಿದ್ದರು. ನಾವು ನಗುತ್ತಿದ್ದೆವು.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ, ಶಿಕಾರಿಪುರದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆಂದು ಸೊರಬದ ತವರಿಗೆ ಬಂದಿದ್ದೆ. ಹೆಣ್ಣು ಕೂಸು. ಅಳಲಿಲ್ಲ. ಸಿಸಿಲಿ ಬಾಯಿ ಅದನ್ನು ಕಿಟಕಿಯ ಹತ್ತಿರ ಒಯ್ದು, ನನಗೆ ಬೆನ್ನು ಮಾಡಿ ನಿಂತರು. ನೀರಿನ ಸದ್ದು ಕೇಳಿಸಿತೆ? ಈಗ ಕೇಳಿಸುತ್ತದೆ, ಅಂದು ಕೇಳಿಸಿತ್ತೆಂದು ಹೇಳಲಾರೆ. ಅರ್ಧ ಗಂಟೆ ಇತ್ತು ಕೂಸು. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಕೂಸಿಗೆ ನಮ್ಮಲ್ಲಿ ಹೆಸರಿಡುವುದಿಲ್ಲ. ಹಾಗೇ ಮಣ್ಣು ಮಾಡಿದರು.

ವರ್ಷದ ಮೇಲೆ ಅವರಿಗೆ ವರ್ಗವಾಯಿತು. ಹೋಗುವ ದಾರಿಯಲ್ಲಿ ಶಿಕಾರಿಪುರದಲ್ಲಿ ಬಸ್ಸಿಳಿದು ಮನೆ ಹುಡುಕಿಕೊಂಡು ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ.

"ಕೂಸು ಉಳಿಯುವುದಿಲ್ಲ ಅಂತ ಗೊತ್ತಾಯ್ತು. ತಲೆಗೆ ನೀರು ಹಾಕಿ, ನಮ್ಮ ಕ್ರಮದಲ್ಲಿ ಹೆಸರಿಟ್ಟೆ. ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ, ಸಾಯ್ತದೆ ಅಂತ ಹೇಳಿದ ಹಾಗೇ ಆಗ್ತಿತ್ತು."

ಸಾಯುವ ಮಗುವಿಗೆ ಯಾರು ಬೇಕಾದರೂ ಹಾಗೆ ಮಾಡಬಹುದಂತೆ. ತಪ್ಪಿಲ್ಲವೆಂದು ಪಾದ್ರಿಗಳೂ ಹೇಳಿದ್ದರಂತೆ. "ಆದರೆ ಅವರು ಹೆತ್ತವರಲ್ಲವಲ್ಲ," ಎಂದರು ಸಿಸಿಲಿ ಬಾಯಿ.

ಒಳಗಿನಿಂದ ಕೇಳಿಸಿಕೊಂಡ ನನ್ನ ಅತ್ತೆ ಹೊರಗೆ ಬಂದರು. "ಮಣ್ಣಿಗಾದ್ರೂ ನಮ್ಮದಾಗಿ ಹೋಗ್ಲಿಲ್ಲಲ್ರೀ ನಮ್ಮ ಕೂಸು."

ಸಿಸಿಲಿ ಬಾಯಿ ನನ್ನ ಕಡೆ ತಿರುಗಿ, "ಹೆಸರು ನಿಮ್ಮದು. ಕೊಟ್ಟು ಹೋಗ್ತೇನೆ," ಎಂದರು.

"ಬ್ಯಾಡ. ಹೇಳಬ್ಯಾಡ್ರಿ," ಎಂದೆ.

ಕೇಳಿದರೆ ಕೂಸು ಅವರದಾಗಿಬಿಡುತ್ತದೆಂದು ಹೆದರಿದ್ದೆ. ಅವರು ನನ್ನ ಭುಜದಾಚೆ ಖಾಲಿ ಕೋಣೆಯನ್ನು ಬಹಳ ಹೊತ್ತು ನೋಡಿ ಎದ್ದರು. ಹೊಸ್ತಿಲಲ್ಲಿ ಈ ಸಲ ಪಕ್ಕಕ್ಕೆ ಸರಿಯಲಿಲ್ಲ. ಒಬ್ಬರೇ ದಾಟಿ ಹೋದರು.

ಅಂದಿನಿಂದ ಆ ಕೋಣೆಯಲ್ಲಿ ಯಾರೋ ಕರೆಸಿಕೊಳ್ಳಲು ಕಾದಿದ್ದಾರೆಂದು ನನಗೆ ಅನ್ನಿಸತೊಡಗಿತು. ಏನೆಂದು ಕರೆಯಲಿ? ಹೆಸರು ಕೇಳಿ ಸಿಸಿಲಿ ಬಾಯಿಗೆ ಬರೆದ ಕಾಗದ ವಾಪಸು ಬಂತು. ಮೇಲೆ 'ತೀರಿಕೊಂಡಿದ್ದಾರೆ' ಎಂದಿತ್ತು. ಸೊರಬಕ್ಕೆ ಹೋದೆ. ಆಸ್ಪತ್ರೆಯ ಆಯಾ ಬಟ್ಟೆ ಹಿಂಡುತ್ತಿದ್ದಳು. ಸಿಸಿಲಿ ಬಾಯಿ ದಿನವೂ ಪ್ರಾರ್ಥನೆಯಲ್ಲಿ ಸತ್ತ ಕೂಸುಗಳ ಹೆಸರು ಹೇಳುತ್ತಿದ್ದರಂತೆ.

"ಕೇಳಿ ಕೇಳಿ ಬಾಯಿಪಾಠ ಆಗಿದೆ ಅಮ್ಮಾ. ಯಾವುದು ಯಾರ ಕೂಸಿಂದು ಅಂತ ಅವರಿಗೇ ಗೊತ್ತಿತ್ತು."

ಹೇಳೆಂದೆ. ಬಟ್ಟೆ ಹಿಂಡುತ್ತಲೇ ಹೇಳಿದಳು: ಮರಿಯಾ, ಜೋಸೆಫ್, ಆಗ್ನೆಸ್, ಅಂತೋನಿ, ಲೂಸಿಯಾ. ಆಗ್ನೆಸ್ ಎಂದಾಗ ಎದೆ ಬಿಗಿದುಕೊಂಡಿತು, ಹಾಲಿಳಿಯುವಾಗಿನಂತೆ. ಲೂಸಿಯಾ ಎಂದಾಗಲೂ ಬಿಗಿದುಕೊಂಡಿತು.

ಅವುಗಳಲ್ಲಿ ನನ್ನ ಮಗಳು ಯಾರೆಂದು ನನಗೆ ಗೊತ್ತಿಲ್ಲ.