ಕೆಂಡಕ್ಕ ಹ್ಯಾಂಡಲ್ ಹಿಡಿದ ದಿನ

ನಮ್ಮಮ್ಮನಿಗೆ ಬೀದಿಯವರು ಇಟ್ಟ ಹೆಸರು ಕೆಂಡಕ್ಕ. ಇಸ್ತ್ರಿ ಅಂಗಡಿಯವಳಲ್ಲವೇ, ಅದಕ್ಕಿರಬೇಕು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಹಳಬರು ಅವಳ ಬಾಯಿಯ ರುಚಿ ಕಂಡವರು, ಸುಮ್ಮನೆ ನಗುತ್ತಾರೆ. ಸಂಜೆಗೆ ಎಂದರೆ ಸಂಜೆಗೆ ಬಟ್ಟೆ ಸಿದ್ಧ. ಕಾಲರ್ ಸರಿಯಿಲ್ಲ ಎಂದು ತಕರಾರು ತೆಗೆದವರಿಗೆ, "ಕಾಲರ್ ಸರಿಯಾಗೇ ಇದೆ, ನಿಮ್ಮ ಕುತ್ತಿಗೆ ಸೊಟ್ಟ" ಎಂದು ಮುಖದ ಮೇಲೇ ಹೇಳಿ ಕಳಿಸುತ್ತಿದ್ದಳು. ಅವಳು ಅತ್ತಿದ್ದನ್ನು ಯಾರೂ ಕಂಡಿಲ್ಲ, ಅಪ್ಪ ಹೋದಾಗಲೂ.

ಇಂಥವಳ ಮಗ, ನನ್ನ ಅಣ್ಣ, ಸೈಕಲ್ ತುಳಿದು ಸಂಬಳ ತೆಗೆದುಕೊಳ್ಳುವವನು. ಮೂರು ವಾರ ನಡೆಯುವ ದೊಡ್ಡ ರೇಸು. ದಿನವೂ ಒಂದು ಊರಿನಿಂದ ಇನ್ನೊಂದು ಊರಿಗೆ. ಅಣ್ಣನ ಕೆಲಸ ಗೆಲ್ಲುವುದಲ್ಲ, ತಂಡದ ನಾಯಕನನ್ನು ಗೆಲ್ಲಿಸುವುದು. ಹಿಂದೆ ಬರುವ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ಮುಂದಕ್ಕೆ ಒಯ್ಯಬೇಕು, ಎದುರುಗಾಳಿಗೆ ತಾನು ಎದೆಗೊಟ್ಟು ನಾಯಕನನ್ನು ಬೆನ್ನ ಹಿಂದೆ ಕಾಪಾಡಬೇಕು. ಇದನ್ನು ಅವನು ಫೋನಿನಲ್ಲಿ ಎಷ್ಟು ಸಲ ಬಿಡಿಸಿ ಹೇಳಿದರೂ ಅಮ್ಮನ ತಲೆಗೆ ಹೋಗಲಿಲ್ಲ. "ಅವನಿಗೆ ಜಂಬ ಇಲ್ಲ, ಅದಕ್ಕೇ ಹಾಗಂತಾನೆ" ಎನ್ನುತ್ತಿದ್ದಳು.

ಆ ವರ್ಷದ ರೇಸಿನ ಬಗ್ಗೆ ಬರೆದವರೆಲ್ಲ ಬೆಟ್ಟದ ಏರುಗಳ ಬಗ್ಗೆಯೇ ಬರೆದರು. ನಮ್ಮ ಬೀದಿಯ ಸುದ್ದಿ ಎಲ್ಲೂ ಇಲ್ಲ. ಹೆದ್ದಾರಿಯ ಸೇತುವೆ ರಿಪೇರಿಯಲ್ಲಿತ್ತು, ಹಾಗಾಗಿ ರೇಸು ನಮ್ಮ ಬೀದಿಯಲ್ಲೇ ಹಾದುಹೋಗುವುದೆಂದಾಯಿತು. ಇನ್ನು ಕೇಳಬೇಕೆ! "ಮೊದಲು ಬರೋದು ನಮ್ಮೋನೇ, ನೋಡ್ತಿರಿ" ಎಂದು ಅಮ್ಮ ಬಟ್ಟೆ ತಂದವರಿಗೆಲ್ಲ ಸಾರಿದಳು.

"ಬರ್ಲಿ ಬರ್ಲಿ ಅಕ್ಕ, ನಾವೂ ಇಲ್ಲೇ ಇರ್ತೀವಲ್ಲ" ಎಂದರು ಎದುರಂಗಡಿಯ ಬೀಗ ರಿಪೇರಿಯವರು, ಮೀಸೆಯಲ್ಲೇ ನಗುತ್ತ. ನನಗೋ ಜೀವ ಬಾಯಿಗೆ ಬಂದಿತ್ತು. ಅಣ್ಣ ಗುಂಪಿನ ನಡುವೆ ಎಲ್ಲೋ ತೂರಿಕೊಂಡು ಹೋಗಿಬಿಟ್ಟರೆ ಅಮ್ಮ ಬೀದಿಯಲ್ಲಿ ತಲೆ ಎತ್ತುವುದು ಹೇಗೆ?

ಮಧ್ಯಾಹ್ನ ಪೊಲೀಸರ ಬೈಕು ಹಾದುಹೋಯಿತು. ಅದರ ಹಿಂದೆ, ಔಷಧಿ ಅಂಗಡಿಯ ತಿರುವಿನಲ್ಲಿ, ಒಬ್ಬನೇ ಒಬ್ಬ ಸವಾರ. ನಮ್ಮಣ್ಣ! ಅವನ ಹಿಂದೆ ಒಂದು ನರಪಿಳ್ಳೆಯೂ ಇಲ್ಲ. ಬೀದಿಗೆ ಬೀದಿಯೇ ಕಿರುಚಿತು. ಅಮ್ಮ ಬೀಗದವರ ಕಡೆ ಬೀರಿದ ನೋಟವನ್ನು ನೀವು ನೋಡಬೇಕಿತ್ತು.

ಅಣ್ಣ ನೇರವಾಗಿ ನಮ್ಮ ಅಂಗಡಿಯ ಮುಂದೆ ಬ್ರೇಕ್ ಹಾಕಿ ಇಳಿದ.

"ಏಯ್, ಯಾಕೋ ನಿಂತೆ? ಹೋಗೋ!" ಅಮ್ಮ ಗದರಿದಳು.

ಅವನು ಅವಳನ್ನು ತಬ್ಬಿಕೊಂಡು ಪಿಸುಗುಟ್ಟಿದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. "ಅಮ್ಮಾ, ಗುಂಪಿನವರೇ ಬಿಟ್ಟು ಕಳಿಸಿದ್ದು. ದಾರೀಲಿ ಯಾರ ಊರು ಬಂದ್ರೂ ಅವನು ಮುಂದೆ ಹೋಗಿ ಮನೆಯವರನ್ನ ಮಾತಾಡಿಸಬಹುದು, ಅದು ನಮ್ಮಲ್ಲಿ ಪದ್ಧತಿ. ಅವರು ಬರೋವರೆಗೂ ಇಲ್ಲೇ ನಿಂತಿರ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಹಾಗಾದ್ರೆ ನೀನು ಗೆಲ್ತಾ ಇಲ್ವಾ?"

"ಇಲ್ಲಮ್ಮ."

"ಈಗ ಓಡಿಹೋದ್ರೆ?"

"ಇನ್ಮೇಲೆ ಯಾರೂ ನನ್ನ ನಂಬಲ್ಲ."

ಅಮ್ಮನ ಮುಖ ಇಳಿದುಹೋಯಿತು. ಅಷ್ಟರಲ್ಲಿ ಬೀಗದವರೇ ರಸ್ತೆ ದಾಟಿ ಓಡಿಬಂದರು. ತಮಾಷೆಯೆಲ್ಲ ಮರೆತು, "ಹೋಗಪ್ಪಾ ಹೋಗು, ಹಿಂದಿನವರು ಬಂದ್ಬಿಡ್ತಾರೆ!" ಎಂದು ಅಣ್ಣನನ್ನು ಸೀಟಿನ ಮೇಲೆ ಕೂರಿಸಿ ತಳ್ಳತೊಡಗಿದರು. ಇನ್ನಿಬ್ಬರು ಕೈ ಸೇರಿಸಿದರು. ಅಣ್ಣನಿಗೆ ಬೇರೆ ದಾರಿ ಇರಲಿಲ್ಲ. ತಾನು ಗೆದ್ದು ಬಂದವನಲ್ಲ, ಬಿಟ್ಟಿದ್ದಕ್ಕೆ ಬಂದವನು ಎಂದು ಎಲ್ಲರೆದುರು ಹೇಳಲು ಬಾಯಿ ತೆರೆದ.

ಅಮ್ಮ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು ಗೋಳೋ ಎಂದಳು.

"ಅಯ್ಯೋ, ನಾನು ಬಿಡಲ್ಲ! ವರ್ಷವಾಯ್ತು ಮಗನ ಮುಖ ನೋಡಿ! ಗೆದ್ದು ಏನಾಗಬೇಕು, ನನಗೆ ನನ್ನ ಮಗ ಸಾಕು!"

ಗಿರಾಕಿಯೊಬ್ಬರ ದಿಂಬಿನ ಕವರಿನಿಂದ ಅವನ ಬೆವರು ಒರೆಸಿ, ಅದರಲ್ಲೇ ತನ್ನ ಕಣ್ಣನ್ನೂ ಒರೆಸಿಕೊಂಡಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ, ನಾನು ನೋಡಿದೆ. ಬೀಗದವರು ಅವಳ ಬೆರಳು ಬಿಡಿಸಲು ಹೋಗಿ ಸೋತರು. ದಿನವಿಡೀ ಇಸ್ತ್ರಿಪೆಟ್ಟಿಗೆ ಎಳೆದ ಕೈಗಳು ಅವು.

ಗುಂಪು ಬಂತು. ಕೆಲವರು ಸಿಳ್ಳೆ ಹಾಕಿದರು, ನಾಯಕ ಅಮ್ಮನ ಕಡೆ ಕೈ ಎತ್ತಿದ. ಅಮ್ಮ ತಕ್ಷಣ ಹ್ಯಾಂಡಲ್ ಬಿಟ್ಟಳು. ಅಣ್ಣ ಗುಂಪಿನ ಬಾಲಕ್ಕೆ ಸೇರಿಕೊಂಡು ಹೊರಟುಹೋದ.

ಅವತ್ತು ಗೆದ್ದವನು ಅವನ ನಾಯಕ. ಬೀದಿಯ ತೀರ್ಪು ಸಂಜೆಗೇ ಬಂತು: ಮಗ ಗೆಲ್ಲುತ್ತಿದ್ದ, ತಾಯಿ ಕೆಡಿಸಿದಳು. ಮಾತಿನಲ್ಲಿ ಯಾರಿಗೂ ಸೋಲದವಳು, "ಹೌದು ಕಣ್ರಪ್ಪಾ, ತಪ್ಪಾಯ್ತು" ಎಂದು ತಲೆ ತಗ್ಗಿಸಿ ಬಟ್ಟೆ ಮಡಚುತ್ತಿದ್ದಳು. ವರ್ಷಗಟ್ಟಲೆ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟೇ ಹೆಮ್ಮೆಯೂ ಆಗುತ್ತಿತ್ತು. ನಿಜ ಹೇಳಿಬಿಡುತ್ತೇನೆ ಎಂದು ಒಮ್ಮೆ ಎದ್ದಾಗ, "ನಾಲಿಗೆಗೆ ಇಸ್ತ್ರಿ ಹಾಕ್ತೀನಿ, ಕೂತ್ಕೋ" ಎಂದಳು.

ಕೊನೆಗೆ ಅಣ್ಣ ರೇಸಿನ ಕೆಲಸವನ್ನೇ ಬಿಟ್ಟು ಮನೆಗೆ ಬಂದ. ಅವನನ್ನು ನೋಡಲು ಅಂಗಡಿಯಲ್ಲಿ ಜನ ಸೇರಿದರು. ಬೀಗದವರು ಹಳೇ ರಾಗ ತೆಗೆದರು: "ಅವತ್ತು ಅಕ್ಕ ಹಿಡ್ಕೊಳ್ದೇ ಇದ್ದಿದ್ರೆ…"

ಅಣ್ಣನಿಗೆ ತಡೆಯಲಾಗಲಿಲ್ಲ. ಪದ್ಧತಿ, ಕೊಟ್ಟ ಮಾತು, ನೀರು ಹೊರುವ ಕೆಲಸ, ಒಂದನ್ನೂ ಬಿಡದೆ ಹೇಳಿದ. "ಅಮ್ಮಂದು ಏನೂ ತಪ್ಪಿಲ್ಲ. ನಾನು ಗೆಲ್ಲೋನೇ ಆಗಿರ್ಲಿಲ್ಲ."

ಬೀಗದವರ ಕಣ್ಣು ತುಂಬಿಬಂತು. "ನೋಡ್ರಪ್ಪಾ, ತಾಯಿ ಮೇಲೆ ಮಾತು ಬರಬಾರದು ಅಂತ ಎಷ್ಟು ಚೆನ್ನಾಗಿ ಕಥೆ ಕಟ್ತಾನೆ!"

ಅಣ್ಣ ಬಾಯಿ ಬಿಟ್ಟುಕೊಂಡು ಅಮ್ಮನ ಕಡೆ ನೋಡಿದ. ಅಮ್ಮ ಅಂಗಿಯ ತೋಳು ಮಡಚುತ್ತ, ತಲೆ ಎತ್ತದೆಯೇ ಹೇಳಿದಳು:

"ಚಿಕ್ಕಂದಿನಿಂದ್ಲೂ ಹಾಗೇ ಕಣ್ರೀ ಅವನು. ನನ್ನ ಯಾವತ್ತೂ ಬಿಟ್ಟುಕೊಟ್ಟೋನಲ್ಲ."