ಬಾಣಂತಿ ಕೋಣೆಯ ದೀಪಗಂಬ

ವಾಡಿಯ ರೈಲ್ವೆ ಶೆಡ್ಡಿನ ಫಿಟ್ಟರ್ ಸೂಗಪ್ಪನಿಗೆ ಮನೆ ಸಿಂಗರಿಸುವ ಹುಚ್ಚು. ಹುಚ್ಚೆಂದರೆ ಅಂಥಿಂಥದ್ದಲ್ಲ. ಗುಜರಿಗೆ ಬಿದ್ದ ಎಂಜಿನ್ನಿನ ಸೀಟಿ ತಲೆಬಾಗಿಲಿಗೆ, ಉಗಿಯ ಒತ್ತಡ ತೋರಿಸುವ ಹಿತ್ತಾಳೆ ಮುಳ್ಳಿನ ತಟ್ಟೆ ದೇವರ ಗೂಡಿನ ಮೇಲೆ. ‘ಸೂಗಪ್ಪನ ಮನಿಗಿ ಟಿಕೀಟ್ ತಗೊಂಡೇ ಹೋಗಬೇಕು’ ಎಂದು ಓಣಿಯವರು ನಗುತ್ತಿದ್ದರು.

ನಿಜಾಮನ ಮೇಲಿನ ಪೊಲೀಸ್ ಆಕ್ಷನ್ ಮುಗಿದ ಮರುವರ್ಷ, ಚಿತ್ತಾಪುರ ದಾರಿಯ ಹೊಲವೊಂದರಲ್ಲಿ ಅವನಿಗೆ ಎದೆಯೆತ್ತರದ ಉಕ್ಕಿನ ಕೊಳವೆ ಸಿಕ್ಕಿತು. ವಿಮಾನದಿಂದ ಕಳಚಿ ಬಿದ್ದ ರಾಕೆಟ್ಟಿನದು. ಸಿಡಿಯುವ ತಲೆ ಮುರಿದುಹೋಗಿ ಎಂಜಿನ್ ಮಾತ್ರ ಉಳಿದಿತ್ತು. ಸೊಂಟ ಸಣ್ಣದಾಗಿ ಮತ್ತೆ ಅರಳಿದ ಅದರ ಬಾಯಿಗೆ ಸೂಗಪ್ಪ ಮರುಳಾದ. ಬಾಯಿ ಮೇಲಾಗಿ ನಿಲ್ಲಿಸಿ ಹಣತೆ ಇಟ್ಟರೆ ದೀಪಗಂಬವೇ ಆಯಿತು.

‘ಬ್ಯಾಡಪ್ಪ ಸೂಗಪ್ಪ’ ಎಂದ ಶೆಡ್ಡಿನ ಜೊತೆಗಾರ ಅಬ್ದುಲ್ ಗನಿ, ‘ಹೊಟ್ಟ್ಯಾಗ ಏನದನೋ ಯಾರ್ ಕಂಡಾರ?’

‘ಬೆಂಕಿ ಇಲ್ಲ, ನೀರಿಲ್ಲ ಗನಿಭಾಯಿ. ತಣ್ಣಗಾದ ಎಂಜಿನ್ ಸತ್ತ ಎಂಜಿನ್.’

ಉಗಿ ಎಂಜಿನ್ನು ಕಲಿಸಿದ ಪಾಠವದು. ಹೇಳಿದವರ ಮಾತು ಕೇಳಿದರೆ ಅವನು ಸೂಗಪ್ಪ ಯಾಕಾದಾನು?

ಮಗಳು ಚಂದಮ್ಮ ಚೊಚ್ಚಲ ಹೆರಿಗೆಗೆ ಬಂದು ಹೆಣ್ಣು ಹಡೆದಳು. ಸೂಗಪ್ಪ ಸಂಭ್ರಮದಿಂದ ಆ ಕಂಬವನ್ನು ಬಾಣಂತಿ ಕೋಣೆಯಲ್ಲಿ, ಹೊರಸಿನ ತಲೆಕಡೆ ನಿಲ್ಲಿಸಿದ. ತಾಯಿ ಮಗುವಿಗೆ ಕಾವಿರಲೆಂದು ಹೊರಸಿನ ಕೆಳಗೆ ಸದಾ ಕೆಂಡದ ಅಗ್ಗಿಷ್ಟಿಗೆ. ಮಡಿಲಲ್ಲಿ ಕೆಂಡ ಕಟ್ಟಿಕೊಂಡದ್ದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಹೆಂಡತಿ ಹಣಮಮ್ಮನಿಗೆ, ಅದೂ ಅರ್ಧ. ‘ಏನ್ರಿ, ನಿಮ್ಮ ಕಂಬ ಬೆವರಾಕತ್ತದ. ವಾಸನಿನೂ ಬರಾಕತ್ತದ. ನನಗ್ಯಾಕೋ ಭಾಳ ಅಂಜಿಕಿ ಆಗ್ಯದ, ಹೊರಗ ಹಾಕ್ರಿ.’

‘ಹಳೀ ಗ್ರೀಸ್ ಇರ್ತದ. ಕಾವಿಗಿ ಕರಗ್ಯದ.’

ಶೆಡ್ಡಿನಲ್ಲಿ ಮಾಡುವಂತೆ ನೂಲಿನ ಚಿಂದಿಯಿಂದ ಅದನ್ನು ಒರೆಸಿ, ಅಡುಗೆಮನೆಗೆ ಬಂದು ಚಿಂದಿಯನ್ನು ಒಲೆಗೆ ಎಸೆದ. ಒಲೆ ಬುಸ್ಸೆಂದು ಬೆಳ್ಳನೆಯ ಉರಿ ಕಾರಿತು. ಗ್ರೀಸ್ ಉರಿದರೆ ಕರಿಹೊಗೆ ಬರಬೇಕು, ಇದರಲ್ಲಿ ಹೊಗೆಯೇ ಇರಲಿಲ್ಲ. ಕಂಬದ ಹೊಟ್ಟೆಯಲ್ಲಿರುವುದು ಗ್ರೀಸಲ್ಲ, ಉರಿಯದೆ ಉಳಿದ ರಾಕೆಟ್ಟಿನ ಮದ್ದು ಎಂದು ಸೂಗಪ್ಪನಿಗೆ ಹೊಳೆಯಿತು.

ಓಡಿದ. ಅಗ್ಗಿಷ್ಟಿಗೆಗೆ ಆಗಷ್ಟೇ ಹೊಸ ಕೆಂಡ ತುಂಬಿದ್ದರು. ತಾಯಿ ಮಗು ಇಬ್ಬರೂ ನಿದ್ದೆಯಲ್ಲಿದ್ದರು. ಎಬ್ಬಿಸುತ್ತ ಕೂರುವ ಹೊತ್ತಲ್ಲ ಅದು. ಹಣತೆ ಊದಿ ಕೆಳಗಿಟ್ಟು, ಕಾದ ಕಂಬವನ್ನು ಮಗುವನ್ನು ಎತ್ತುವಂತೆ ತಬ್ಬಿ ಎತ್ತಿದ. ತೋಳಿನ ಚರ್ಮ ಚುರ್ ಎಂದರೂ ಬಿಡದೆ ಹಿತ್ತಲ ಆಚೆಯ ಕಲ್ಲುಖಣಿಯ ಅಂಚಿನವರೆಗೆ ಓಡಿದ. ಎರಡೂ ಕೈಯಿಂದ ಎತ್ತಿ ಎಸೆಯುವ ಹೊತ್ತಿಗೆ, ಅವನು ಸತ್ತಿದೆ ಎಂದ ಎಂಜಿನ್ ಊಳಿಟ್ಟು ಬೆಂಕಿ ಉಗುಳಿತು.

ಮೂರು ತಿಂಗಳು ತಡವಾಗಿ ನಡೆದ ತೊಟ್ಟಿಲ ದಿನ ಹಣಮಮ್ಮ ಮೊಮ್ಮಗಳನ್ನು ಗಂಡನ ತೊಡೆಯ ಮೇಲೆ ಮಲಗಿಸಿದಳು. ಮಣಿಕಟ್ಟಿನಿಂದಾಚೆ ಅವನಿಗೆ ಕೈಗಳಿರಲಿಲ್ಲ. ಮೊಣಕೈಗಳನ್ನು ಮಡಚಿ ಕೂಸನ್ನು ಒತ್ತಿಕೊಂಡ.

‘ಬೀಳಲ್ಲ ಹೌದಿಲ್ಲೋ?’ ಎಂದ, ‘ನನಗೇನೂ ತಿಳೀವಲ್ದು.’