ಬಿದ್ದ ಬಾಳೆಯ ಜಾಗದಲ್ಲಿ ನಿಂತವರು

ನೂಲಿನ ಗಿರಣಿಯಲ್ಲಿ ಬದುಕಿಡೀ ಪಾಳಿ ನೋಡಿಕೊಂಡವನು ನಾನು. ನೆಲದ ಮೇಲೆ ಏನಾದರೂ ಬಿದ್ದಿದ್ದರೆ ನನ್ನಿಂದ ಸಹಿಸಲಾಗುವುದಿಲ್ಲ. ಗಾಳಿ ಬೀಸಿದ ಮರುದಿನ ನಾನು ಮಾಡಿದ ಕೆಲಸಕ್ಕೆ ಬೇರೆ ಕಾರಣವಿಲ್ಲ.

ತಮಿಳುನಾಡಿನ ಮೆಟ್ಟುಪಾಳ್ಯದ ಹತ್ತಿರ ನನ್ನ ತಂಗಿಯ ಬಾಳೆತೋಟವಿದೆ. ಗಂಡ ತೀರಿಕೊಂಡ ಮೇಲೆ ಅವಳೇ ನಡೆಸುತ್ತಾಳೆ. ಆ ಸಂಜೆಯ ಗಾಳಿಗೆ ಗೊನೆ ಹೊತ್ತ ಗಿಡಗಳಲ್ಲಿ ಅರ್ಧಕ್ಕರ್ಧ ಮುರಿದುಬಿದ್ದವು. ವಿಮೆ ಮಾಡಿಸಿರಲಿಲ್ಲ. ವಿಮೆ ಇಲ್ಲದವರಿಗೂ ಸರ್ಕಾರ ಪರಿಹಾರ ಕೊಡುತ್ತದೆಂದು ಯಾರೋ ಹೇಳಿದರು. ಬೆಳಿಗ್ಗೆಯೇ ಜಮೀನಿನ ಪಟ್ಟಾ ಪ್ರತಿ ಹಿಡಿದು ಗ್ರಾಮಾಡಳಿತಾಧಿಕಾರಿಯ ಕಚೇರಿಗೆ ಹೊರಟಳು. ಹಣ ಬಂದರೆ ಹೊಸ ಬಾಳೆಕಂದು ನೆಡುವುದು, ಬಾರದಿದ್ದರೆ ತೋಟವನ್ನು ಗುತ್ತಿಗೆಗೆ ಕೊಟ್ಟು ಸುಮ್ಮನೆ ಕೂರುವುದು. ಅವಳು ಸುಮ್ಮನೆ ಕೂರುವ ಹೆಂಗಸಲ್ಲ.

ಅವಳಿಗೆ ನೆರವಾಗಲೆಂದು ನಾನು ಆಳುಗಳನ್ನು ಕರೆಸಿದೆ. ಬಿದ್ದ ದಿಂಡುಗಳನ್ನೆಲ್ಲ ಕೊಚ್ಚಿಸಿ ನೆರೆಮನೆಗಳ ಹಸುಗಳಿಗೆ ಹಾಕಿಸಿದೆ. ಎಳೆಗೊನೆಗಳು ಗೊಬ್ಬರದ ಗುಂಡಿ ಸೇರಿದವು. ಬುಡ ಅಗೆಸಿ, ಮಣ್ಣು ಮುಚ್ಚಿಸಿ, ಕೊನೆಗೆ ಸಾಲುಗಳ ನಡುವೆ ಗುಡಿಸಿಯೂ ಆಯಿತು. ಹನ್ನೊಂದು ಗಂಟೆಗೆ ತೋಟ ಕನ್ನಡಿಯಂತಿತ್ತು.

ತಂಗಿ ಬಂದವಳು ಗೇಟಿನಲ್ಲೇ ನಿಂತಳು.

"ಅಣ್ಣೋ, ಬಿದ್ದ ಬಾಳೆ ಎಲ್ಲಿ?"

"ಎಲ್ಲಾ ಸುತ್ತಮಾಗಿ, ಕ್ಲೀನಾಗಿ ತೆಗೆಸಿಬಿಟ್ಟೆ. ಒಂದು ಎಲೆ ಸಿಗಲಿ ನೋಡೋಣ."

"ಅಯ್ಯೋ ಕಡವುಳೇ! ನಾಳೆ ಆಫೀಸಿಂದ ಬಿದ್ದ ಬಾಳೆ ಫೋಟೊ ಎತ್ತಕ್ಕೆ ಬರ್ತಾರೆ ಅಣ್ಣಾ! ಗಾಳಿ ಅರ್ಧ ಬಿಟ್ಟು ಹೋಯ್ತು. ನೀನು ಅದಕ್ಕಿಂತ ಜೋರು."

ಕೊಚ್ಚಿದ್ದನ್ನು ಮತ್ತೆ ಜೋಡಿಸಬಹುದೇ ಎಂದು ಆಳುಗಳನ್ನು ಕೇಳಿದೆ. ಹಸುಗಳನ್ನೇ ಕೇಳಬೇಕು ಅಂದರು.

ಮರುದಿನ ಬಂದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ತೋಟವನ್ನು ಎರಡು ಸುತ್ತು ಹಾಕಿ, ತಮಿಳಿನಲ್ಲಿ ಮೆಲ್ಲಗೆ ಕೇಳಿದಳು: "ಅಯ್ಯಾ, ಯಾರು ಹೀಗೆ ಮಾಡಿದ್ದು?"

ಒಪ್ಪಿಕೊಂಡೆ. ಅವಳು ಫೋನಿನಲ್ಲಿದ್ದ ನಮೂನೆಯನ್ನು ನನಗೇ ತೋರಿಸಿದಳು. "ಗಾಳಿ ಇದೆ, ನೆರೆ ಇದೆ, ಆಲಿಕಲ್ಲು ಇದೆ. ಅಣ್ಣ ಅಂತ ಕಾಲಂ ಇಲ್ಲವಲ್ಲ ಅಯ್ಯಾ."

"ಆನೆ ಅಂತ ಹಾಕಿ ಮೇಡಮ್," ಅಂದಳು ತಂಗಿ. "ಎರಡೂ ಒಂದೇ."

ಆನೆಯಾದರೆ ಅರಣ್ಯ ಇಲಾಖೆಗೆ ಹೋಗಬೇಕಂತೆ. ಅಕ್ಕಪಕ್ಕದ ತೋಟಗಳಲ್ಲೂ ಬಾಳೆ ಬಿದ್ದದ್ದರಿಂದ ನಷ್ಟ ನಿಜವೆಂದು ಅಧಿಕಾರಿಗೆ ಗೊತ್ತಿತ್ತು. ಆದರೆ ಫೋಟೊ ಬೇಕು. ಹೊಸ ಮಣ್ಣಿರುವ ಪ್ರತಿ ಖಾಲಿ ಜಾಗವೂ ಬಿದ್ದ ಒಂದು ಗಿಡದ ಲೆಕ್ಕವೇ. ಬರೀ ಮಣ್ಣಿನ ಫೋಟೊದಲ್ಲಿ ಯಾರಿಗೆ ಏನು ತಿಳಿಯುತ್ತದೆ? ಒಂದೊಂದು ಜಾಗದಲ್ಲೂ ಒಬ್ಬೊಬ್ಬರು ನಿಲ್ಲಲಿ ಅಂದಳು.

ಕೇರಿಯವರನ್ನೆಲ್ಲ ಕರೆದೆವು. ಇಪ್ಪತ್ತು ಜನ ಬಂದರು. ಒಂದು ಸಾಲಿನ ಫೋಟೊ ಮುಗಿದರೆ ಎಲ್ಲರೂ ಮುಂದಿನ ಸಾಲಿಗೆ ಓಡಬೇಕು. ಆ ದಿಂಡನ್ನು ಹಸುಗಳಿಗೆ ಮೇಯಿಸಿದವರೇ ಮೊದಲು ಬಂದು ಬಾಳೆಯಾಗಿ ನಿಂತರು. ಒಬ್ಬಾತ ಗಿಡವೆಂದು ತಿಳಿಯಲಿ ಅಂತ ಎರಡೂ ಕೈ ಎತ್ತಿದ. ಮೂರನೆಯ ಸಾಲಿಗೆ ಒಬ್ಬ ಅಜ್ಜಿ ನೆರಳಲ್ಲಿ ಕೂತುಬಿಟ್ಟಳು.

"ನಾನು ಎರಡು ಸಲ ಬಿದ್ದಾಯ್ತು ಕಣಪ್ಪಾ. ಇನ್ನು ಗಾಳಿ ಬೇರೆಯವರನ್ನ ನೋಡಿಕೊಳ್ಳಲಿ."

ಸಾಲು ಸೊಟ್ಟಗಾಗುವುದನ್ನು ಕಂಡು, ಭುಜ ಹಿಡಿದು ಒಬ್ಬೊಬ್ಬರನ್ನೇ ನೇರ ಮಾಡತೊಡಗಿದೆ.

"ಅಣ್ಣಾ," ತಂಗಿ ಆ ತುದಿಯಿಂದ ಕೂಗಿದಳು, "ನೀನೂ ಒಂದು ಬಾಳೆ. ಅಲ್ಲೇ ನಿಲ್ಲು, ಅಲುಗಬೇಡ!"

ನಿಂತೆ. ಮಧ್ಯಾಹ್ನದ ಊಟದ ಹೊತ್ತು ಮೀರಿ ಒಂದೂವರೆ ಗಂಟೆಯವರೆಗೆ ಬೇರೆ ಬೇರೆ ಜಾಗಗಳಲ್ಲಿ ಬಾಳೆಯಾಗಿ ನಿಂತೆ.

ಪರಿಹಾರ ಬರಲು ತಿಂಗಳುಗಳೇ ಹಿಡಿದವು. ಬಂದದ್ದು ನಷ್ಟಕ್ಕೆ ಸಾಲಲಿಲ್ಲ, ಕಂದಿಗೆ ಸಾಕಾಯಿತು. ನೆಡುವ ದಿನ ಸಂಜೆ ನಾಲ್ಕಕ್ಕೆ ಬಾ ಎಂದು ತಂಗಿ ಫೋನು ಮಾಡಿದಳು. ಐದು ನಿಮಿಷ ಮುಂಚೆಯೇ ಹೋದೆ. ಬೆಳಿಗ್ಗೆ ಆರರಿಂದ ಶುರುಮಾಡಿ ಅಷ್ಟೂ ಕಂದು ನೆಟ್ಟು, ನೀರು ಹಾಯಿಸಿ, ಎಲ್ಲರೂ ಬದುವಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು.

"ಬಾ ಅಣ್ಣಾ," ಅಂದಳು. "ಸರಿಯಾದ ಟೈಮಿಗೆ ಬಂದೆ."